ಊರು ಬರೆಯದ ಕನ್ನಡ

ಕಂಪ್ಯೂಟರಿನ ಒಳಗೆ ಕನ್ನಡಕ್ಕೆ ಎರಡಕ್ಷರದ ಒಂದು ಹೆಸರಿದೆ: ಕೆಎನ್. ಅದರ ಪಕ್ಕದಲ್ಲಿ ಒಂದು ಅಡ್ಡಗೆರೆ, ಆಮೇಲೆ ಇನ್ನೆರಡು ಅಕ್ಷರಕ್ಕೆ ಜಾಗ. ಅದು ದೇಶದ ಜಾಗ. ಐಎನ್ ಎಂದು ಬರೆದರೆ ಭಾರತ, ಯುಎಸ್ ಎಂದು ಬರೆದರೆ ಅಮೆರಿಕ. ಭಾಷೆ ಮತ್ತು ದೇಶ ಸೇರಿದ ಈ ಗುರುತನ್ನು ತಂತ್ರಾಂಶದವರು ಲೊಕೇಲ್ ಎನ್ನುತ್ತಾರೆ. ದಿನಾಂಕದಲ್ಲಿ ದಿನ ಮೊದಲೋ ತಿಂಗಳು ಮೊದಲೋ, ದೊಡ್ಡ ಸಂಖ್ಯೆಯಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕು, ಹಣದ ಚಿಹ್ನೆ ಯಾವುದು, ಕ್ಯಾಲೆಂಡರಿನ ವಾರ ಭಾನುವಾರದಿಂದ ಶುರುವೋ ಸೋಮವಾರದಿಂದಲೋ, ಮುದ್ರಣದ ಕಾಗದದ ಅಳತೆ ಏನು ಎಂಬುದೆಲ್ಲ ಈ ನಾಲ್ಕಕ್ಷರದ ಮೇಲೆ ನಿಂತಿದೆ.

ನಾಲ್ಕರಲ್ಲಿ ಕೊನೆಯ ಎರಡು ಆಗಾಗ ಇರುವುದೇ ಇಲ್ಲ. ಬಳಕೆದಾರರು ಭಾಷೆಯನ್ನಷ್ಟೇ ಆರಿಸಿರುತ್ತಾರೆ, ಅಥವಾ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ದಾಟುವಾಗ ದೇಶ ಉದುರಿ ಹೋಗಿರುತ್ತದೆ. ಆದರೆ ಯಂತ್ರಕ್ಕೆ ಸುಮ್ಮನಿರಲು ಬರುವುದಿಲ್ಲ. ದಿನಾಂಕವನ್ನು ಯಾವುದಾದರೂ ಒಂದು ಕ್ರಮದಲ್ಲಿ ಅದು ತೋರಿಸಲೇಬೇಕು. ಹಾಗಾಗಿ ಯಾರೋ ಎಂದೋ ಬರೆದಿಟ್ಟ ಪಟ್ಟಿಯೊಂದನ್ನು ತೆರೆದು, ಈ ಭಾಷೆಯವರು ಇಂಥ ಕಡೆಯವರೇ ಇರಬೇಕು ಎಂದುಕೊಂಡು ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಬಿಟ್ಟ ಸ್ಥಳ ತುಂಬುವ ಈ ಕೆಲಸಕ್ಕೆ ಒಂದು ಚರಿತ್ರೆಯಿದೆ. ಭಾರತೀಯ ಭಾಷೆಗಳ ಮಟ್ಟಿಗೆ ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಪುಣೆಯಲ್ಲಿ.

239 ಮತ್ತು 72

1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ಅದರ ನೆಲೆ ಗಣೇಶಖಿಂಡ್‌ನ ವಿಶ್ವವಿದ್ಯಾಲಯದ ಆವರಣ. ಪತ್ರಿಕೆಗಳಲ್ಲಿ ಹೆಸರು ಮಾಡಿದ್ದು ಅಲ್ಲಿ ತಯಾರಾದ ಪರಮ್ ಸೂಪರ್ ಕಂಪ್ಯೂಟರ್. ಅದೇ ಸಂಸ್ಥೆಯ ಇನ್ನೊಂದು ತಂಡ ಜಿಸ್ಟ್. ಕಾನ್ಪುರದ ಐಐಟಿಯಲ್ಲಿ ದೇವನಾಗರಿ ಕಂಪ್ಯೂಟರಿಗಾಗಿ ನಡೆದಿದ್ದ ಸಂಶೋಧನೆಯಿಂದ ಹುಟ್ಟಿದ ಈ ತಂತ್ರಜ್ಞಾನ ಪುಣೆಗೆ ಬಂದು ಬೆಳೆಯಿತು. ಮಾಮೂಲಿ ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡ್ ಕೂರಿಸಿದರೆ ಇಂಗ್ಲಿಷಿಗಾಗಿ ಬರೆದ ತಂತ್ರಾಂಶದಲ್ಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು.

ಇದರ ಬೆನ್ನೆಲುಬು ಇಸ್ಕಿ ಎಂಬ ಸಂಕೇತ ವ್ಯವಸ್ಥೆ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಐಎಸ್ 13194 ಎಂಬ ಸಂಖ್ಯೆಯಲ್ಲಿ ರಾಷ್ಟ್ರೀಯ ಮಾನಕವಾಗಿ ಒಪ್ಪಿತು. ಅದರ ಹಿಂದಿನ ಯೋಚನೆ ಸರಳವಾಗಿತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ವರ್ಣಮಾಲೆ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಒಂದೊಂದು ಲಿಪಿಗೂ ಬೇರೆ ಬೇರೆ ಸಂಖ್ಯೆಗಳೇಕೆ? ಇಸ್ಕಿಯಲ್ಲಿ ಕಕಾರಕ್ಕೆ 179. ಅದು ಕನ್ನಡದ ಕ ಇರಲಿ, ಮರಾಠಿಯದಿರಲಿ, ಬಂಗಾಳಿಯದಿರಲಿ, ಸಂಖ್ಯೆ ಅದೇ. ಒಮ್ಮೆ ಬೆರಳಚ್ಚಿಸಿದ ಹೆಸರಿನ ಪಟ್ಟಿಯನ್ನು ಯಾವ ಲಿಪಿಯಲ್ಲಿ ಬೇಕಾದರೂ ತೋರಿಸಬಹುದಿತ್ತು. ಎಂಟು ಬಿಟ್‌ಗಳಲ್ಲಿ ಇಂಗ್ಲಿಷನ್ನೂ ಉಳಿಸಿಕೊಂಡು ಇಷ್ಟು ಲಿಪಿಗಳನ್ನು ಸೇರಿಸಿದ್ದು ಆ ಕಾಲಕ್ಕೆ ಜಾಣತನದ ಕೆಲಸ.

ಹಾಗಾದರೆ ಒಂದು ಸಾಲು ಕನ್ನಡ ಲಿಪಿಯದು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕಾಗಿ ಸಾಲಿನಲ್ಲಿ ಕಣ್ಣಿಗೆ ಕಾಣದ ಎರಡು ಸಂಖ್ಯೆಗಳನ್ನು ಇಡಬೇಕಿತ್ತು: ಮೊದಲು 239, ಆಮೇಲೆ 72. ಇನ್ನು ಮುಂದೆ ಲಿಪಿ ಬದಲಾಗುತ್ತದೆ ಎಂಬ ಸೂಚನೆ 239. ಕನ್ನಡದ ಸಂಖ್ಯೆ 72, ದೇವನಾಗರಿಯದು 66. ಇವಲ್ಲದೆ 64 ಎಂಬ ಇನ್ನೊಂದು ಸಂಖ್ಯೆಯೂ ಇತ್ತು. ಅದರ ಅರ್ಥ ಡೀಫಾಲ್ಟ್ ಲಿಪಿ, ಅಂದರೆ ಈ ಯಂತ್ರದಲ್ಲಿ ಮೊದಲೇ ಗೊತ್ತುಪಡಿಸಿಟ್ಟ ಲಿಪಿ ಯಾವುದೋ ಅದು. ಲಿಪಿಯ ಸೂಚನೆಯನ್ನೇ ಬರೆಯದೆ ಬಿಟ್ಟರೂ ಬರುವುದು ಡೀಫಾಲ್ಟೇ. ಇನ್ನೂ ಒಂದು ನಿಯಮವಿತ್ತು: ಸೂಚನೆಯ ಆಯುಸ್ಸು ಒಂದು ಸಾಲು ಮಾತ್ರ. ಸಾಲು ಮುರಿದ ಕೂಡಲೇ ಯಂತ್ರ ಅದನ್ನು ಮರೆತು ಡೀಫಾಲ್ಟಿಗೆ ಮರಳುತ್ತಿತ್ತು.

ಧಾರವಾಡದ ಒಂದು ಕಚೇರಿಯಲ್ಲಿ ಕನ್ನಡವನ್ನೇ ಡೀಫಾಲ್ಟ್ ಮಾಡಿಕೊಂಡು ಬೆರಳಚ್ಚಿಸಿದ ಕಡತವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಯಾರಿಗೂ 72 ಬರೆಯುವ ಅಗತ್ಯ ಕಾಣುವುದಿಲ್ಲ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಕಡತ ದೇವನಾಗರಿ ಡೀಫಾಲ್ಟ್ ಆಗಿರುವ ಪುಣೆಯ ಯಂತ್ರಕ್ಕೆ ಹೋದರೆ ಮೊದಲ ಸಾಲಿನಿಂದ ಕೊನೆಯವರೆಗೆ ದೇವನಾಗರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಭಾಷೆ ಕನ್ನಡವೇ, ಲಿಪಿ ಮಾತ್ರ ಬೇರೆ. ಬರೆದವರದೂ ತಪ್ಪಿಲ್ಲ, ಓದಿದವರದೂ ತಪ್ಪಿಲ್ಲ. ತಮ್ಮ ಊರಿನಲ್ಲಿ ಹೇಳಬೇಕಿಲ್ಲದ ಮಾತು ಪರ ಊರಿನಲ್ಲಿ ಹೇಳಲೇಬೇಕಾದ ಮಾತಾಗಿರುತ್ತದೆ ಎಂಬುದಷ್ಟೇ ಇಲ್ಲಿ ಮರೆತುಹೋದದ್ದು.

ಯೂನಿಕೋಡ್ ಈ ತೊಡಕನ್ನು ಬಿಡಿಸಿತು. 1991ರಲ್ಲೇ ಹೊರಬಂದ ಅದರ ಮೊದಲ ಆವೃತ್ತಿ ಭಾರತೀಯ ಲಿಪಿಗಳ ಅಕ್ಷರಕ್ರಮವನ್ನು 1988ರ ಇಸ್ಕಿಯಿಂದಲೇ ತೆಗೆದುಕೊಂಡಿತು, ಆದರೆ ಪ್ರತಿ ಲಿಪಿಗೂ ಬೇರೆ ಹೊಲ ಹಾಕಿಕೊಟ್ಟಿತು. ದೇವನಾಗರಿಯ ಕ 2325 ಆದರೆ ಕನ್ನಡದ ಕ 3221. ಅಕ್ಷರ ಎಲ್ಲಿಗೆ ಹೋದರೂ ತನ್ನ ಲಿಪಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಆದರೆ ಅದು ತನ್ನ ದೇಶವನ್ನು ಹೊತ್ತುಕೊಂಡು ಹೋಗುವುದಿಲ್ಲ. ಲಿಪಿಯ ಖಾಲಿ ಜಾಗ ತುಂಬಿತು, ದೇಶದ ಖಾಲಿ ಜಾಗ ಹಾಗೇ ಉಳಿಯಿತು.

ಒಂದನೆಯವರು ಯಾರು?

ಭಾಷೆಯ ಎರಡಕ್ಷರದ ಹೆಸರು ಮತ್ತು ದೇಶದ ಎರಡಕ್ಷರದ ಹೆಸರು ಬೇರೆ ಬೇರೆ ಅಂತರರಾಷ್ಟ್ರೀಯ ಮಾನಕಗಳಿಂದ ಬಂದವು. ಇಂಟರ್‌ನೆಟ್ಟಿಗಾಗಿ ಅವನ್ನು ಅಡ್ಡಗೆರೆಯಿಂದ ಜೋಡಿಸುವ ನಿಯಮ 1995ರ ಮಾರ್ಚಿಯಲ್ಲಿ ಪ್ರಕಟವಾಯಿತು. 2001, 2006 ಮತ್ತು 2009ರಲ್ಲಿ ಅದನ್ನು ತಿದ್ದಲಾಯಿತು. ಗುರುತನ್ನು ಚಿಕ್ಕದಾಗಿಯೇ ಇಡಿ, ಉಪಯೋಗವಿದ್ದರೆ ಮಾತ್ರ ದೇಶ ಸೇರಿಸಿ ಎಂಬುದು ಅದರ ಸಲಹೆ. ಅಂದರೆ ಬರೀ ಕೆಎನ್ ಎಂಬುದು ಅಪೂರ್ಣ ಅಲ್ಲ, ತಪ್ಪೂ ಅಲ್ಲ. ಪ್ರಶ್ನೆ ಇರುವುದು ಅದನ್ನು ಓದುವವರು ಏನು ಮಾಡುತ್ತಾರೆ ಎಂಬುದರಲ್ಲಿ.

ಮೈಕ್ರೋಸಾಫ್ಟ್ ಮೊದಲಿನಿಂದಲೂ ಅಕ್ಷರದ ಬದಲು ಸಂಖ್ಯೆ ಬಳಸಿತ್ತು. ಅದರ ಪಟ್ಟಿಯಲ್ಲಿ ಕನ್ನಡ ಭಾಷೆಯ ಸಂಖ್ಯೆ 75. ಅದಕ್ಕೆ ಪ್ರದೇಶದ ಕ್ರಮಸಂಖ್ಯೆಯನ್ನು 1024ರಿಂದ ಗುಣಿಸಿ ಕೂಡಿಸಬೇಕು. ಕನ್ನಡಕ್ಕಿರುವುದು ಒಂದೇ ಪ್ರದೇಶ, ಭಾರತ. ಆದ್ದರಿಂದ 75 ಮತ್ತು 1024 ಸೇರಿ 1099. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡವನ್ನು ಸೇರಿಸಿಕೊಂಡಾಗ ಅದು ಬಂದದ್ದು ಈ ಸಂಖ್ಯೆಯಲ್ಲಿ. ಪ್ರದೇಶ ಹೇಳದಿದ್ದರೆ? ಆಗ 1 ಎಂದು ತಿಳಿಯುವುದು ಅಲ್ಲಿನ ಪದ್ಧತಿ. ಕನ್ನಡಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಇರುವುದೇ ಒಂದು.

ಇಂಗ್ಲಿಷಿನ ಸಂಖ್ಯೆ 9. ಅಲ್ಲಿ 1 ಎಂದರೆ ಅಮೆರಿಕ, 2 ಎಂದರೆ ಬ್ರಿಟನ್. ಭಾರತದ ಇಂಗ್ಲಿಷಿಗೆ ಸಿಕ್ಕಿದ್ದು 16ನೇ ಸ್ಥಾನ. ಉರ್ದುವಿನಲ್ಲಿ 1 ಪಾಕಿಸ್ತಾನ, 2 ಭಾರತ. ಬಂಗಾಳಿಯಲ್ಲಿ 1 ಭಾರತ, 2 ಬಾಂಗ್ಲಾದೇಶ.

ಇಂದು ಹೆಚ್ಚಿನ ಫೋನು ಮತ್ತು ಬ್ರೌಸರುಗಳು ನೋಡುವುದು ಇನ್ನೊಂದು ಪಟ್ಟಿಯನ್ನು. ಅದು ಯೂನಿಕೋಡ್ ಒಕ್ಕೂಟ 2004ರಿಂದ ನಡೆಸುತ್ತಿರುವ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿದೆ. ಗುರುತಿನ ಒಂದು ಭಾಗ ಕಾಣೆಯಾದರೆ ಏನಿರುವ ಸಾಧ್ಯತೆ ಹೆಚ್ಚು ಎಂದು ಹೇಳುವುದೇ ಆ ಪಟ್ಟಿಯ ಕೆಲಸ. ಬರೀ ಕನ್ನಡ ಎಂದರೆ ಅದರ ಉತ್ತರ ಕನ್ನಡ ಭಾಷೆ, ಕನ್ನಡ ಲಿಪಿ, ಭಾರತ. ಬರೀ ಇಂಗ್ಲಿಷ್ ಎಂದರೆ ಅಮೆರಿಕ, ಬರೀ ಉರ್ದು ಎಂದರೆ ಪಾಕಿಸ್ತಾನ. ಬರೀ ಬಂಗಾಳಿ ಎಂದರೆ ಇಲ್ಲಿ ಬಾಂಗ್ಲಾದೇಶ. ಒಂದೇ ಖಾಲಿ ಜಾಗಕ್ಕೆ ಎರಡು ಪಟ್ಟಿಗಳು ಎರಡು ದೇಶ ಹೇಳುತ್ತವೆ. ಖಾಲಿ ಜಾಗದಲ್ಲಿ ಬಂದು ಕೂರುವ ದೇಶ ಆ ಭಾಷೆಯ ಲಕ್ಷಣವಲ್ಲ, ಪಟ್ಟಿ ಮಾಡಿದವರ ತೀರ್ಮಾನ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಅದೇ ಪಟ್ಟಿಯನ್ನು ತಿರುಗಿಸಿ ಕೇಳಬಹುದು. ದೇಶ ಭಾರತ ಎಂದು ಗೊತ್ತಿದೆ, ಭಾಷೆ ಗೊತ್ತಿಲ್ಲ ಎಂದರೆ ಬರುವ ಉತ್ತರ ಹಿಂದಿ. ಭಾಷೆಯೂ ಇಲ್ಲ ದೇಶವೂ ಇಲ್ಲ ಎಂದರೆ ಇಂಗ್ಲಿಷ್, ಅಮೆರಿಕ. ಇದರಲ್ಲಿ ಪಿತೂರಿ ಹುಡುಕಬೇಕಾಗಿಲ್ಲ. ಪಟ್ಟಿ ತಾನು ಹೇಳುವುದು ಸಂಭವವನ್ನು ಮಾತ್ರ ಎಂದು ಒಪ್ಪಿಕೊಂಡೇ ಹೇಳುತ್ತದೆ. ಸಂಭವವನ್ನು ಸತ್ಯ ಎಂದು ಬರೆದಿಟ್ಟುಕೊಳ್ಳುವುದು ಅದನ್ನು ಬಳಸುವ ತಂತ್ರಾಂಶ.

ಯಾರಿಗೆ ಏನು ಹೋಯಿತು?

ಕನ್ನಡದ ಮಟ್ಟಿಗೆ ಎರಡೂ ಪಟ್ಟಿಗಳು ಭಾರತ ಎಂದೇ ಹೇಳುವುದರಿಂದ ಇದು ನಮ್ಮ ಸಮಸ್ಯೆಯಲ್ಲ ಎನಿಸಬಹುದು. ಆದರೆ ಪುಣೆಯಲ್ಲಿರುವ ಕನ್ನಡಿಗರ ಫೋನಿನಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಆ ಇಂಗ್ಲಿಷಿಗೆ ದೇಶ ಬರೆಯದಿದ್ದರೆ ದಿನಾಂಕ ಅಮೆರಿಕದ ಕ್ರಮಕ್ಕೆ ಹೋಗುತ್ತದೆ, ತಿಂಗಳು ಮೊದಲು, ದಿನ ಆಮೇಲೆ. ಆಗ 04/05 ಎಂಬುದು ಮೇ 4 ಅಲ್ಲ, ಏಪ್ರಿಲ್ 5. ತಿಂಗಳ 13ನೇ ತಾರೀಖಿನಿಂದ ಮುಂದೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ, 13ನೇ ತಿಂಗಳು ಎಂಬುದು ಇಲ್ಲವಲ್ಲ. ಮೊದಲ 12 ದಿನಗಳಲ್ಲಿ ಹಾಗಾಗುವುದಿಲ್ಲ. ದಿನ ಮತ್ತು ತಿಂಗಳು ಒಂದೇ ಸಂಖ್ಯೆಯಾಗಿರುವ ದಿನ ಬಿಟ್ಟರೆ ತಿಂಗಳಿಗೆ 11, ವರ್ಷಕ್ಕೆ 132 ದಿನಗಳನ್ನು ಯಾರ ಅನುಮಾನಕ್ಕೂ ಬಾರದಂತೆ ತಪ್ಪಾಗಿ ಓದಬಹುದು. ಅದು ಔಷಧದ ಅವಧಿ ಮುಗಿಯುವ ದಿನವೂ ಆಗಬಹುದು, ಮಗುವಿನ ಹುಟ್ಟಿದ ದಿನವೂ ಆಗಬಹುದು. ಲಕ್ಷದ ಅಲ್ಪವಿರಾಮವೂ ಹೀಗೆಯೇ ಸರಿದುಬಿಡುತ್ತದೆ: 12,50,000 ಎಂದು ಬರೆದು ಅಭ್ಯಾಸವಿರುವವರ ಮುಂದೆ 1,250,000 ಬಂದು ನಿಲ್ಲುತ್ತದೆ.

ಉರ್ದು ಮಾತಾಡುವವರ ಪಾಡು ಇದಕ್ಕಿಂತ ಸೂಕ್ಷ್ಮ. 2011ರ ಜನಗಣತಿಯಲ್ಲಿ ಭಾರತದ 5 ಕೋಟಿಗೂ ಹೆಚ್ಚು ಜನ ಉರ್ದು ತಮ್ಮ ತಾಯ್ನುಡಿ ಎಂದಿದ್ದಾರೆ. ಕಲಬುರಗಿಯವರೋ ಬೀದರಿನವರೋ ಉರ್ದು ಆರಿಸಿ ದೇಶ ಬರೆಯದೆ ಬಿಟ್ಟರೆ ಪಟ್ಟಿ ಅವರನ್ನು ಪಾಕಿಸ್ತಾನಕ್ಕೆ ಸೇರಿಸುತ್ತದೆ. ಹಣದ ಹೆಸರು ಅಲ್ಲೂ ರೂಪಾಯಿಯೇ, ಆದರೆ ಆ ರೂಪಾಯಿ ಬೇರೆ. ಪುಣೆಯ ಪಕ್ಕದ ಪಿಂಪ್ರಿಯಲ್ಲಿ ದೇಶವಿಭಜನೆಯ ನಂತರ ಬಂದು ನೆಲೆಸಿದ ಸಿಂಧಿ ಕುಟುಂಬಗಳಿವೆ. ಬರೀ ಸಿಂಧಿ ಎಂದು ಬರೆದರೆ ಸಿಎಲ್‌ಡಿಆರ್ ಪಟ್ಟಿ ಕೊಡುವ ಉತ್ತರ ಅರಬ್ಬಿ ಲಿಪಿ, ಪಾಕಿಸ್ತಾನ. ಹಿರಿಯರು ಮನೆಮಠ ಬಿಟ್ಟು ಬಂದ ದೇಶಕ್ಕೇ ಮೊಮ್ಮಕ್ಕಳ ಫೋನನ್ನು ಮರಳಿ ಕಳಿಸಿದಂತೆ ಇದು. ಮಾಡಿದ ಯಂತ್ರಕ್ಕೆ ಅದರ ಅರಿವಿಲ್ಲ.

ಲಿನಕ್ಸ್ ಜಗತ್ತಿನಲ್ಲಿ ಕನ್ನಡಕ್ಕೇ ಒಂದು ವಿಚಿತ್ರ ಎದುರಾಗುತ್ತದೆ. ಭಾರತೀಯ ಭಾಷೆಗಳಲ್ಲಿ ಲಿನಕ್ಸ್ ತರುವ ಕೆಲಸ ಬಹುಕಾಲ ನಡೆದದ್ದು ರೆಡ್ ಹ್ಯಾಟ್ ಕಂಪನಿಯ ಪುಣೆಯ ಕಚೇರಿಯಲ್ಲಿ. ಅಲ್ಲಿ ಅನುವಾದಗೊಂಡ ಕನ್ನಡ ವಾಕ್ಯಗಳು ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕೂರುವುದು ದೇಶವಿಲ್ಲದ ಕೆಎನ್ ಎಂಬ ಹೆಸರಿನ ಫೋಲ್ಡರಿನಲ್ಲಿ. ಆದರೆ ದಿನಾಂಕ, ಹಣ ಮುಂತಾದ ನಿಯಮಗಳಿರುವುದು ದೇಶವೂ ಸೇರಿದ ಹೆಸರಿನಲ್ಲಿ. ಯಾರಾದರೂ ಭಾಷೆಯ ಜಾಗದಲ್ಲಿ ಬರೀ ಕೆಎನ್ ಎಂದು ಬರೆದರೆ ಅಂಥ ನಿಯಮಾವಳಿ ಸಿಗುವುದಿಲ್ಲ. ತಂತ್ರಾಂಶ ಸಿ ಎಂಬ ಮೂಲ ಸ್ಥಿತಿಯಲ್ಲೇ ಉಳಿಯುತ್ತದೆ. ಆ ಸ್ಥಿತಿಯ ಭಾಷೆ ಇಂಗ್ಲಿಷ್, ದಿನಾಂಕದಲ್ಲಿ ತಿಂಗಳು ಮೊದಲು. ಕೆಎನ್ ಫೋಲ್ಡರಿನಲ್ಲಿ ಅನುವಾದ ಪೂರ್ತಿ ಇದ್ದರೂ ಪರದೆಯ ಮೇಲೆ ಒಂದು ಪದವೂ ಕನ್ನಡದಲ್ಲಿ ಬರುವುದಿಲ್ಲ. ಮನೆಯ ಹೆಸರಿನಲ್ಲಿ ದೇಶವಿಲ್ಲ, ಬೀಗದ ಕೈಯಲ್ಲಿ ಮಾತ್ರ ದೇಶ ಬೇಕು.

ಹೊರದೇಶದ ಕನ್ನಡಿಗರಿಗೆ ಇದು ಉಲ್ಟಾ ಆಗಿತ್ತು. ನ್ಯೂಜೆರ್ಸಿಯಲ್ಲಿ ಕೂತು ಭಾಷೆ ಕನ್ನಡ, ದೇಶ ಅಮೆರಿಕ ಎಂದು ಇಟ್ಟುಕೊಂಡವರ ಆಂಡ್ರಾಯ್ಡ್ ಫೋನಿನಲ್ಲಿ, ಆಪ್ ತಯಾರಿಸಿದವರು ಅನುವಾದವನ್ನು ಕನ್ನಡ-ಭಾರತ ಎಂಬ ಹೆಸರಿನಲ್ಲಿ ಮಾತ್ರ ಇಟ್ಟಿದ್ದರೆ ಅದು ಸಿಗುತ್ತಿರಲಿಲ್ಲ. ಯಂತ್ರ ಮೊದಲು ಕನ್ನಡ-ಅಮೆರಿಕ ಹುಡುಕುತ್ತಿತ್ತು, ಆಮೇಲೆ ದೇಶವಿಲ್ಲದ ಕನ್ನಡ. ಎರಡೂ ಇಲ್ಲದಿದ್ದರೆ ಇಂಗ್ಲಿಷಿಗೆ ಹೋಗುತ್ತಿತ್ತು, ಪಕ್ಕದ ಮನೆಯಲ್ಲಿ ಕನ್ನಡವಿದ್ದರೂ ಬಾಗಿಲು ತಟ್ಟುತ್ತಿರಲಿಲ್ಲ. 2016ರ ಆಂಡ್ರಾಯ್ಡ್ 7.0 ಇದನ್ನು ಸರಿಪಡಿಸಿತು. ಕೇಳಿದ ದೇಶದ್ದು ಸಿಗದಿದ್ದರೆ ಅದೇ ಭಾಷೆಯ ಇನ್ನೊಂದು ದೇಶದ ಅನುವಾದವನ್ನಾದರೂ ಅದು ಹುಡುಕಿ ಕೊಡುತ್ತದೆ.

ಪ್ರದೇಶವೂ ಬದಲಾಗುತ್ತದೆ

ಖಾಲಿ ಜಾಗವನ್ನು ಭದ್ರವಾಗಿ ತುಂಬಿಬಿಟ್ಟರೆ ಮುಗಿಯಿತೇ? ಕನ್ನಡದ ಚರಿತ್ರೆಯೇ ಇಲ್ಲ ಎನ್ನುತ್ತದೆ. ಪುಣೆಯಲ್ಲಿ ಬದುಕು ಕಳೆದ ಭೀಮಸೇನ ಜೋಶಿ ಗದಗದ ಕಡೆಯವರು. ಅವರು ಹುಟ್ಟಿದ 1922ರಲ್ಲಿ ಗದಗ ಮತ್ತು ಪುಣೆ ಎರಡೂ ಮುಂಬಯಿ ಪ್ರಾಂತ್ಯದ ಊರುಗಳು. 1956ರ ನವೆಂಬರ್ 1ರಂದು ಗದಗ ಮೈಸೂರು ರಾಜ್ಯಕ್ಕೆ ಸೇರಿತು. 1960ರ ಮೇ 1ರಿಂದ ಪುಣೆ ಮಹಾರಾಷ್ಟ್ರದ ಊರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಊರು ಒಂದಡಿಯೂ ಅಲುಗಲಿಲ್ಲ, ಅದರ ಪ್ರದೇಶದ ಹೆಸರು ಮಾತ್ರ ಮತ್ತೆ ಮತ್ತೆ ಬದಲಾಯಿತು.

ಸಿಎಲ್‌ಡಿಆರ್‌ನಂಥ ಪಟ್ಟಿಯನ್ನು ಯಾರಾದರೂ 1950ರಲ್ಲಿ, ದೇಶದ ಬದಲು ಪ್ರಾಂತ್ಯ ಇಟ್ಟು ಬರೆದಿದ್ದರೆ ಕನ್ನಡದ ಮುಂದೆ ಏನು ಬರೆಯುತ್ತಿದ್ದರು? ಬಹುಶಃ ಮೈಸೂರು. ಆಗ ಮುಂಬಯಿ, ಹೈದರಾಬಾದ್, ಮದ್ರಾಸ್ ಆಡಳಿತಗಳ ಕನ್ನಡಿಗರು ಮತ್ತು ಕೊಡಗಿನವರು ಒಂದು ಗೆರೆಯಲ್ಲಿ ಮಾಯವಾಗುತ್ತಿದ್ದರು. ಏಕೀಕರಣ ಅವರಲ್ಲಿ ಬಹುಪಾಲು ಜನರನ್ನು ಒಂದೆಡೆ ಸೇರಿಸಿತು, ಎಲ್ಲರನ್ನೂ ಅಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದ ಕನ್ನಡ ಮಹಾರಾಷ್ಟ್ರದಲ್ಲಿ ಉಳಿಯಿತು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ದೇಶದ ಮಟ್ಟದಲ್ಲಿ ನೋಡಿದರೆ ಇವರೆಲ್ಲರೂ ಕನ್ನಡ-ಭಾರತವೇ, ತೊಂದರೆಯಿಲ್ಲ. ಆದರೆ ವಿಳಾಸದಲ್ಲಿ ಮಹಾರಾಷ್ಟ್ರ ಎಂದು ಕಂಡ ಕೂಡಲೇ ಭಾಷೆ ಮರಾಠಿ ಎಂದು ತುಂಬಿಕೊಳ್ಳುವ ತಂತ್ರಾಂಶ ಅಕ್ಕಲಕೋಟೆಯಲ್ಲಿ ಮಾಡುವುದು, ಭಾರತ ಎಂದ ಕೂಡಲೇ ಹಿಂದಿ ಎನ್ನುವ ಪಟ್ಟಿ ದೇಶದಾದ್ಯಂತ ಮಾಡುವುದನ್ನೇ.

ಲೋಪ ಮತ್ತು ಸಂಧಿ ಬಿಡಿಸುವುದು

ಶಾಲೆಯಲ್ಲಿ ಕಲಿತ ಲೋಪಸಂಧಿ ಇಲ್ಲಿ ನೆರವಿಗೆ ಬರುತ್ತದೆ. ಊರು ಮತ್ತು ಊರು ಸೇರಿದರೆ ಊರೂರು. ನಡುವಿನ ಉಕಾರ ಕಾಣೆಯಾಗಿದೆ, ಆದರೆ ಅದು ಇತ್ತು ಎಂದು ಎಲ್ಲರಿಗೂ ಗೊತ್ತು. ಏಳನೇ ತರಗತಿಯ ಹುಡುಗಿಯೂ ಬಿಡಿಸಿ ಬರೆದಾಳು. ವ್ಯಾಕರಣದಲ್ಲಿ ಲೋಪ ಎಂದರೆ ಇದ್ದದ್ದು ಕಾಣದಿರುವುದು, ಇಲ್ಲದಿರುವುದು ಅಲ್ಲ.

ತಂತ್ರಾಂಶದ ಖಾಲಿ ಜಾಗದಲ್ಲಿ ಈ ಭೇದ ಅಳಿಸಿಹೋಗುತ್ತದೆ. ಅಲ್ಲಿ ಖಾಲಿಗೆ ಕನಿಷ್ಠ ನಾಲ್ಕು ಅರ್ಥಗಳಿರಬಹುದು. ಬಳಕೆದಾರರು ಹೇಳಿಲ್ಲ. ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದಾರೆ. ಹೇಳಿದ್ದರು, ದಾರಿಯಲ್ಲಿ ಕಳೆದುಹೋಯಿತು. ಅಥವಾ ಯಾವ ಒಂದು ದೇಶಕ್ಕೂ ಸೇರದಿರುವುದೇ ಅವರ ಇಚ್ಛೆ. ಮಾನಕಗಳಲ್ಲಿ ಇವುಗಳಲ್ಲಿ ಕೆಲವನ್ನು ಬೇರ್ಪಡಿಸುವ ದಾರಿಯಿದೆ: 001 ಎಂದು ಬರೆದರೆ ಇಡೀ ಜಗತ್ತು, ಝಡ್‌ಝಡ್ ಎಂದು ಬರೆದರೆ ಗೊತ್ತಿಲ್ಲದ ಪ್ರದೇಶ. ಎರಡೂ ಇರದಿದ್ದರೆ ಹೇಳಿಲ್ಲ ಎಂದಷ್ಟೇ ಅರ್ಥ. ಆದರೆ ತಂತ್ರಾಂಶ ತನ್ನ ಊಹೆಯನ್ನೇ ಬಳಕೆದಾರರ ಮಾತು ಎಂಬಂತೆ ದಾಖಲಿಸಿಬಿಟ್ಟರೆ ಈ ಭೇದಗಳೆಲ್ಲ ಮಣ್ಣುಪಾಲು. ಕನ್ನಡ-ಭಾರತ ಎಂಬ ದಾಖಲೆ ನೋಡಿ, ಭಾರತ ಎಂದವರು ಬಳಕೆದಾರರೋ ಪಟ್ಟಿಯೋ ಎಂದು ಯಾರೂ ಬಿಡಿಸಿ ಹೇಳಲಾರರು. ಈ ಸಂಧಿಯನ್ನು ಬಿಡಿಸಲು ಬರುವುದಿಲ್ಲ.

ಹಾಗಾಗಿ ಸರಿಯಾದ ಪದ್ಧತಿ ದೊಡ್ಡ ತಂತ್ರಜ್ಞಾನವನ್ನೇನೂ ಬೇಡುವುದಿಲ್ಲ. ಬಳಕೆದಾರರು ಕೊಟ್ಟದ್ದನ್ನು ಕೊಟ್ಟಂತೆಯೇ ಇಡಬೇಕು, ಖಾಲಿಯನ್ನು ಖಾಲಿಯಾಗಿಯೇ. ಊಹೆ ಬೇಕಾದಾಗ ಆ ಹೊತ್ತಿಗೆ ಪಟ್ಟಿ ನೋಡಿ ಊಹಿಸಿ, ಕೆಲಸ ಮುಗಿದ ಮೇಲೆ ಬಿಟ್ಟುಬಿಡಬೇಕು. ಅನುವಾದ ಹುಡುಕುವಾಗ ದೇಶವಿದ್ದ ಹೆಸರು, ದೇಶವಿಲ್ಲದ ಹೆಸರು ಎರಡನ್ನೂ ನೋಡಬೇಕು. ಭಾಷೆಯನ್ನೂ ದೇಶವನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ಕೇಳಬೇಕು, ಒಂದರಿಂದ ಇನ್ನೊಂದನ್ನು ಎಳೆದು ತರಬಾರದು. ಹಣದ ಲೆಕ್ಕವನ್ನಂತೂ ಭಾಷೆ ನೋಡಿ ನಿರ್ಧರಿಸಲೇಬಾರದು. ದೇಶ ಗೊತ್ತಿಲ್ಲದಾಗ ದಿನಾಂಕವನ್ನು 04/05 ಎಂದು ಬರೆಯುವ ಬದಲು ಮೇ 4 ಎಂದು ತಿಂಗಳನ್ನು ಅಕ್ಷರದಲ್ಲಿ ಬರೆದರೆ ಯಾವ ದೇಶದವರೂ ತಪ್ಪಾಗಿ ಓದಲಾರರು.

ಇಸ್ಕಿಯ ಕಾಲದಲ್ಲಿ ಯಂತ್ರಗಳ ನೆನಪು ಚಿಕ್ಕದು, ಒಂದೊಂದು ಬೈಟಿಗೂ ಬೆಲೆಯಿತ್ತು. ಸಾಲು ಮುರಿದಾಗ ಲಿಪಿ ಮರೆಯುವುದಕ್ಕೆ ಆಗ ಒಂದು ನೆಪವಾದರೂ ಇತ್ತು. ಇಂದಿನ ಫೋನಿಗೆ ಅದಿಲ್ಲ. ಪಟ್ಟಿಯ ಊಹೆ ಹೆಚ್ಚಿನವರ ಮಟ್ಟಿಗೆ ಸರಿಯೇ ಇರುತ್ತದೆ. ಸರಿಯಿರದ ಉಳಿದವರು ಯಾರೆಂದು ನೋಡಿದರೆ ಪಿಂಪ್ರಿಯ ಸಿಂಧಿಗಳು, ಬೀದರಿನ ಉರ್ದುವಿನವರು, ಅಕ್ಕಲಕೋಟೆಯ ಕನ್ನಡಿಗರು: ಗಡಿ ಎಳೆಯುವಾಗಲೂ ಯಾರೂ ಕೇಳದ ಜನ. ಕನಿಷ್ಠ ಯಂತ್ರವಾದರೂ ಅವರನ್ನು ಒಮ್ಮೆ ಕೇಳಿ ಬರೆದುಕೊಳ್ಳಬಹುದು.